ಉತ್ತರ ಕೊಡದ ಹಲ್ಲು

“ಗುರುಗಳೇ, ಮೂರು ವರ್ಷ ಧ್ಯಾನಕ್ಕೆ ಕೂತೆ. ಒಳಗೆ ಏನೂ ಆಗುತ್ತಿಲ್ಲ. ಸತ್ತದ್ದರ ಮುಂದೆ ಇನ್ನೆಷ್ಟು ದಿನ ಕೂರಲಿ? ಊರಿಗೆ ಹೊರಡಲೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದ ಕತೆ ಇದು.

ಒಬ್ಬ ತೆಂಗಿನಕಾಯಿ ವ್ಯಾಪಾರಿಯಿದ್ದ. ಬೆರಳಿನಿಂದ ಒಮ್ಮೆ ತಟ್ಟಿದರೆ ಸಾಕು, ಕಾಯಿ ಕೆಟ್ಟಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ಎರಡನೆಯ ಸಲ ತಟ್ಟುವವರನ್ನು ಕಂಡರೆ ಅವನಿಗೆ ನಗು. ಅವನ ಎಂಟು ವರ್ಷದ ಮಗಳು ಶಾಲೆಯ ಮೆಟ್ಟಿಲ ಮೇಲೆ ಬಿದ್ದಳು. ಮುಂದಿನ ಹಲ್ಲಿಗೆ ಪೆಟ್ಟಾಯಿತು. ಹಾಲುಹಲ್ಲು ಬಿದ್ದು ಹೊಸದಾಗಿ ಬಂದ ಹಲ್ಲು. ಹೋದರೆ ಮತ್ತೊಂದು ಬರುವುದಿಲ್ಲ.

ಹಲ್ಲಿನ ವೈದ್ಯೆ ತಣ್ಣನೆಯ ಹತ್ತಿಯನ್ನು ಪಕ್ಕದ ಹಲ್ಲಿಗೆ ಮುಟ್ಟಿಸಿದಳು. ಹುಡುಗಿ ಬೆಚ್ಚಿದಳು. ಪೆಟ್ಟಾದ ಹಲ್ಲಿಗೆ ಮುಟ್ಟಿಸಿದಳು. ಹುಡುಗಿ ಸುಮ್ಮನಿದ್ದಳು.

“ಸತ್ತಿದೆ. ಕಿತ್ತುಬಿಡಿ ಡಾಕ್ಟ್ರೇ. ಕೊಳೆತದ್ದನ್ನು ರಾಶಿಯಲ್ಲಿ ಬಿಟ್ಟರೆ ಪಕ್ಕದ್ದೂ ಕೆಡುತ್ತೆ,” ಎಂದ ವ್ಯಾಪಾರಿ.

“ಸತ್ತಿದೆ ಅಂತ ನಾನೆಲ್ಲಿ ಹೇಳಿದೆ, ಯಜಮಾನರೇ? ಉತ್ತರ ಬರಲಿಲ್ಲ, ಅಷ್ಟೇ. ಪೆಟ್ಟು ತಿಂದ ಹಲ್ಲು ತಿಂಗಳುಗಟ್ಟಲೆ ಹೀಗೇ ಇರಬಹುದು. ಕೆಲವು ನಿಜವಾಗಿಯೂ ಸಾಯುತ್ತವೆ. ಅದಕ್ಕೇ ಮತ್ತೆ ಮತ್ತೆ ನೋಡಬೇಕು. ವಸಡು ಊದಿದರೆ ಅವತ್ತೇ ಕರೆತನ್ನಿ.”

ಅವಳು ಎಕ್ಸ್‌ರೇ ತೆಗೆದಿಟ್ಟುಕೊಂಡಳು. ಎರಡು ವಾರಕ್ಕೆ ನೋಡಿದಳು, ಉತ್ತರವಿಲ್ಲ. ಮೂರು ತಿಂಗಳಿಗೆ ನೋಡಿದಳು. ಉತ್ತರವಿಲ್ಲ, ಬಣ್ಣವೂ ತುಸು ಮಂಕು. ಬೇರೆ ಕಡೆ ಹೋಗಿ ಕೀಳಿಸಿಬಿಡುವುದೆಂದು ವ್ಯಾಪಾರಿ ಮನಸ್ಸಿನಲ್ಲೇ ತೀರ್ಮಾನಿಸಿದ. ಮಗಳು ಅತ್ತದ್ದರಿಂದ ಹೋಗಲಿಲ್ಲ.

ಆರನೆಯ ತಿಂಗಳು ವೈದ್ಯೆ ಇನ್ನೊಂದು ಎಕ್ಸ್‌ರೇ ತೆಗೆದು, ಹಳೆಯದನ್ನೂ ಹೊಸದನ್ನೂ ಬೆಳಕಿಗೆ ಅಕ್ಕಪಕ್ಕ ಹಿಡಿದಳು. ಮೊದಲನೆಯದರಲ್ಲಿ ಹಲ್ಲಿನ ಬೇರು ಮೋಟಾಗಿತ್ತು, ತುದಿ ತೆರೆದೇ ಇತ್ತು. ಎರಡನೆಯದರಲ್ಲಿ ಬೇರು ಉದ್ದವಾಗಿತ್ತು, ಗೋಡೆ ದಪ್ಪವಾಗಿತ್ತು, ತುದಿ ಮುಚ್ಚುತ್ತ ಬಂದಿತ್ತು. ಸತ್ತ ಹಲ್ಲು ಹಾಗೆ ಬೇರು ಬೆಳೆಸುವುದಿಲ್ಲ.

ವ್ಯಾಪಾರಿ ಬಹಳ ಹೊತ್ತು ನೋಡಿದ. ಸತ್ತಿತೆಂದು ತಾನು ಹೇಳಿಕೊಂಡು ತಿರುಗಿದ ಆರು ತಿಂಗಳೂ ಅದು ಕತ್ತಲಲ್ಲಿ, ಯಾರಿಗೂ ತಿಳಿಸದೆ, ಕೂದಲೆಳೆಯಷ್ಟು ಕೂದಲೆಳೆಯಷ್ಟು ತನ್ನನ್ನು ತಾನೇ ಕಟ್ಟಿಕೊಂಡಿತ್ತು. ಮಗಳಿಗೂ ಗೊತ್ತಾಗಿರಲಿಲ್ಲ. ಅವನು ಹೆಗಲ ಮೇಲಿನ ಟವೆಲನ್ನು ತೆಗೆದು, ಗರ್ಭಗುಡಿಯ ಮುಂದೆ ನಿಂತವನಂತೆ, ಸೊಂಟಕ್ಕೆ ಸುತ್ತಿಕೊಂಡ.

ಶಿಷ್ಯನ ಮುಖ ಅರಳಿತು. “ಹಾಗಾದರೆ ನನ್ನೊಳಗೂ ಬೇರು ಬೆಳೆಯುತ್ತಿದೆ!”

“ಬದುಕಿದೆ ಅಂತಲೂ ಆ ವೈದ್ಯೆ ಮೊದಲ ದಿನ ಹೇಳಿರಲಿಲ್ಲ,” ಎಂದರು ಗುರುಗಳು.