ಸುಂಕದ ಕಟ್ಟೆಯಲ್ಲಿ ಬಾಡಿದ ಮಲ್ಲಿಗೆ

ಅಡವಯ್ಯ ಗುರುಗಳು ಹೊಳೆಯ ದಂಡೆಯಲ್ಲಿ ಕೂತು ಹುರಿಗಡಲೆ ತಿನ್ನುತ್ತಿದ್ದಾಗ ಶಿಷ್ಯ ಮುರಿಗೆಪ್ಪ ಬಂದ. ಊರಿನ ಸುಂಕದ ಕಟ್ಟೆಗೆ ಅವನೇ ಹೊಸ ಯಜಮಾನ. ತಲೆಯ ಮೇಲೆ ಜರಿಯ ರುಮಾಲು ಮಿಂಚುತ್ತಿತ್ತು, ಮುಖ ಮಾತ್ರ ಹುಳಿ ತಿಂದವನ ಹಾಗಿತ್ತು.

“ಅಜ್ಜಾರ, ಮಂದಿ ಭಾಳ ಕೆಟ್ಟಾರ್ರಿ.”

“ಮೊನ್ನೆ ಛಲೋ ಇದ್ರಲ್ಲೋ ತಮ್ಮಾ?”

“ಸುಂಕ ತಪ್ಪಿಸ್ತಾರ್ರಿ. ದೋಣಿ ಬಿಟ್ಟು ಮ್ಯಾಲಿನ ಬಂಡಿಗಲ್ಲಿನ ಹಾದಿ ಹಿಡದಾರ. ಬುಟ್ಟಿ ಹೊತ್ತು ನೀರಾಗ ನಡಕೋತ ದಾಟ್ತಾರ.”

ದೋಣಿಯ ತಳ ಸೋರುತ್ತಿತ್ತು. ಅದರ ದುರಸ್ತಿ ನಡೆಯಬೇಕಾದದ್ದು ಸುಂಕದ ಹಣದಿಂದಲೇ. ಮಳೆಗಾಲದೊಳಗೆ ಆಗದಿದ್ದರೆ ಆಚೆ ದಂಡೆಯವರಿಗೆ ಸಂತೆಯೂ ಇಲ್ಲ, ವೈದ್ಯರೂ ಇಲ್ಲ. ಈ ಚಿಂತೆಯಲ್ಲಿ ಮುರಿಗೆಪ್ಪನಿಗೆ ಊಟ ಸೇರುತ್ತಿರಲಿಲ್ಲ.

“ಆ ಹಾದಿಗೆ ಕಾವಲು ಹಾಕ್ತೀನ್ರಿ. ಆಶೀರ್ವಾದ ಮಾಡ್ರಿ.”

“ಮಾಡೋಣಂತ. ಮೊದಲ ನಾಳಿನ ಪೂಜಿಗೆ ಆಚಿ ದಂಡಿ ತೋಟದಿಂದ ಒಂದು ಬುಟ್ಟಿ ಮಲ್ಲಿಗಿ ಮಾಲಿ ತಾ. ದೋಣ್ಯಾಗ ಬಾ. ಈ ರುಮಾಲು ಇಲ್ಲೇ ಇರಲಿ.”

ಮರುದಿನ ಸಂತೆ. ಬೆಳಿಗ್ಗೆಯೇ ದೋಣಿಯಿಂದ ಇಳಿದ ಮುರಿಗೆಪ್ಪ, ಬುಟ್ಟಿ ಹೊತ್ತು ತನ್ನದೇ ಕಟ್ಟೆಯ ಮುಂದೆ ಸಾಲಿನಲ್ಲಿ ನಿಂತ. ಸಾಲು ಮಿಸುಕಲೇ ಇಲ್ಲ. ಪ್ರತಿ ಗಂಟು ಬಿಚ್ಚಬೇಕು, ಪ್ರತಿ ಸಾಮಾನಿಗೂ ಬೇರೆ ದರ. ಬಿಳಿ ಬದನೆಗೊಂದು, ನೀಲಿ ಬದನೆಗೊಂದು. ಹೂವಿಗೆ ಮೊಳದ ಲೆಕ್ಕ. ಈ ನಿಯಮಗಳನ್ನೆಲ್ಲ ಬರೆದ ದಿನ ಅವನು ಎಷ್ಟು ಬೀಗಿದ್ದ!

ಮುಂದಿದ್ದ ಬದನೆಕಾಯಿಯ ಮುದುಕಿ ಸಿಡುಕಿದಳು.

“ಈ ಕಾನೂನು ಮಾಡಿದಾಂವ ಒಂದು ದಿನಾರ ಬುಟ್ಟಿ ಹೊತ್ತಾನೇನು?”

“ಇಲ್ಲಬೇ ಯವ್ವಾ,” ಎಂದ ಮುರಿಗೆಪ್ಪ. “ಇವತ್ತ ಮೊದಲು.”

ಅವನ ಸರದಿ ಬಂದಾಗ ಸೂರ್ಯ ನೆತ್ತಿಗೆ ಬಂದಿದ್ದ. ಗುಮಾಸ್ತ ತಲೆ ಎತ್ತಿ ನೋಡಲೇ ಇಲ್ಲ, ಮಾಲೆಗಳನ್ನು ಎಳೆದು ಮೊಳ ಹಾಕತೊಡಗಿದ. ಆಸಾಮಿ ಕುಳ್ಳ. ತೋಟದಲ್ಲಿ ಅಳೆದದ್ದಕ್ಕಿಂತ ಮಾಲೆ ಇಲ್ಲಿ ಉದ್ದವಾಯಿತು.

“ನಿನ್ನ ಮೊಳ ಗಿಡ್ಡ ಐತಲ್ಲೋ!”

“ಯಜಮಾನ್ರು ನೇಮಿಸಿದ ಮೊಳ ಇದು. ತಕರಾರಿದ್ರ ಅವರ್ನ ಕೇಳು.”

ಮುರಿಗೆಪ್ಪ ತೆಪ್ಪಗೆ ಸುಂಕ ಕಟ್ಟಿದ.

ಮಠ ತಲುಪಿದಾಗ ಮಲ್ಲಿಗೆ ಕಂದಿಹೋಗಿತ್ತು. ಗುರುಗಳು ಆ ಬಾಡಿದ ಮಾಲೆಯನ್ನು ತೆಗೆದು ಶಿಷ್ಯನ ಕೊರಳಿಗೇ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು. ಮುರಿಗೆಪ್ಪನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ನಗು ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮುಂದಿನ ಸಂತೆಗೆ ಹೊಸ ನಿಯಮ ಬಂತು. ಬುಟ್ಟಿ ಯಾವುದಾದರೂ ಒಂದೇ ಸುಂಕ, ಗಂಟು ಬಿಚ್ಚುವ ಹಾಗಿಲ್ಲ. ಸುದ್ದಿ ಆಚೆ ದಂಡೆಗೆ ಹಬ್ಬಿತು. ಬಂಡೆಗಲ್ಲಿನ ಹಾದಿಯಲ್ಲಿ ಕಾವಲಿಲ್ಲದಿದ್ದರೂ ಜನ ದೋಣಿಗೇ ಬಂದರು. ಮೊದಲ ಮಳೆಗೆ ಮುಂಚೆಯೇ ದೋಣಿಗೆ ಹೊಸ ಹಲಗೆ ಬಿತ್ತು.

“ಬುಟ್ಟಿ ಹೊತ್ತಾಂವ ಬಂದ ನೋಡ್ರೇ!” ಎಂದು ಬದನೆಕಾಯಿಯ ಮುದುಕಿ ಕಂಡಲ್ಲೆಲ್ಲ ಅವನನ್ನು ಕಾಡಿಸುತ್ತಿದ್ದಳು. ಅವನಿಗದು ಬಿರುದಿಗಿಂತ ಹಿತವಾಗಿತ್ತು.

ಒಂದು ಸಂತೆಯ ದಿನ ಜರಿ ರುಮಾಲು ಸುತ್ತಿಕೊಂಡು, ಘಮಘಮಿಸುವ ಮಲ್ಲಿಗೆ ಹೊತ್ತು ಮಠಕ್ಕೆ ಓಡಿ ಬಂದ.

“ಅಜ್ಜಾರ, ಒಂದು ಎಸಳೂ ಬಾಡಿಲ್ಲ ನೋಡ್ರಿ! ಎಲ್ಲಾ ಸರಿ ಆತು. ಇನ್ನ ನಾನು ಕಟ್ಟಿ ಮ್ಯಾಲ ನೆಳ್ಳಾಗ ಕುಂದ್ರಬಹುದಲ್ರೀ?”

ಗುರುಗಳು ಮಲ್ಲಿಗೆಯನ್ನು ದೇವರಿಗೆ ಏರಿಸಿದರು. ಶಿಷ್ಯನ ರುಮಾಲು ಬಿಚ್ಚಿ, ಆ ತಲೆಯ ಮೇಲೆ ಖಾಲಿ ಬುಟ್ಟಿ ಇಟ್ಟರು.

“ಮುಂದಿನ ಸಂತಿ ದಿನಾನೂ ದೇವರಿಗೆ ಹೂವು ಬೇಕಲ್ಲೋ, ತಮ್ಮಾ.”