ಏನೂ ಬರೆಯದ ಪರದೆ

ಹೊಳೆದಂಡೆಯ ಆಶ್ರಮಕ್ಕೆ ಸಿದ್ದಾಜಮ್ಮ ಬಂದಾಗ ಮಧ್ಯಾಹ್ನದ ಊಟ ಮುಗಿದಿತ್ತು. ಆಕೆ ಊಟ ಬೇಡವೆಂದಳು.

"ನನ್ನ ಮಗ ಲಿಂಗಾಚಾರಿ ಮನೆ ಬಿಟ್ಟು ನಾಳೆಗೆ ಹನ್ನೆರಡು ವರ್ಷ. ನಾಳೆ ದರ್ಭೆಯ ಗೊಂಬೆ ಮಾಡಿ, ಸತ್ತ ಅಂತಲೇ ಅವನ ಕ್ರಿಯೆ ಮುಗಿಸ್ತಾರಂತೆ. ಇಲ್ಲಿಗೇನಾದರೂ ಬಂದಿದ್ದನಾ, ನೋಡಿ ಸ್ವಾಮಿ."

ಗುರುಗಳು ಶಿಷ್ಯ ವಾಮದೇವನ ಕಡೆ ನೋಡಿದರು.

ವಾಮದೇವನಿಗೆ ಒಳಗೊಳಗೇ ಹೆಮ್ಮೆ. ಆಶ್ರಮದಲ್ಲಿ ಉಂಡವರ ಹೆಸರಿನ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದವನು ಅವನೇ. ತಿಂಗಳಿಗೊಂದರಂತೆ ನೂರನಲವತ್ತನಾಲ್ಕು ಕಡತ. ಕಪ್ಪು ಪರದೆಯಲ್ಲಿ ಗ್ರೆಪ್ ಎಂಬ ಆಜ್ಞೆ ಬರೆದು, ಬೇಕಾದ ಪದ ಕೊಟ್ಟರಾಯಿತು. ಅಷ್ಟೂ ಕಡತಗಳಲ್ಲಿ ಆ ಪದವಿರುವ ಸಾಲುಗಳು ಕ್ಷಣದಲ್ಲಿ ಮುಂದೆ ಬಂದು ಬೀಳುತ್ತಿದ್ದವು.

ಅವನು 'ಲಿಂಗಾಚಾರಿ' ಎಂದು ಬರೆದ. ಏನೂ ಬರಲಿಲ್ಲ.

'ಲಿಂಗ' ಎಂದಷ್ಟೇ ಬರೆದ. ಲಿಂಗಪ್ಪ, ಲಿಂಗರಾಜು ಬಂದರು. ಎಲ್ಲರೂ ಪರಿಚಯದವರೇ.

ಅವಳ ಊರಿನ ಹೆಸರು ಬರೆದ. ಏನೂ ಬರಲಿಲ್ಲ.

ಹೊರಗೆ ಜಗಲಿಯಲ್ಲಿ ಆಕೆ ಬಾಗಿಲನ್ನೇ ನೋಡುತ್ತ ಕೂತಿದ್ದಳು. ಮೂರು ಗಂಟೆಯ ಬಸ್ಸು ತಪ್ಪಿದರೆ ನಾಳೆಯೊಳಗೆ ಅವಳು ಊರು ಸೇರುವಂತಿರಲಿಲ್ಲ.

"ಗುರುಗಳೇ, ನೀವೇ ಹೇಳಿಬಿಡಿ. ನನ್ನಿಂದ ಆಗಲ್ಲ."

"ಏನಂತ ಹೇಳಲಿ?"

"ಅವನು ಇಲ್ಲಿಗೆ ಬಂದಿಲ್ಲ ಅಂತ. ಕಂಪ್ಯೂಟರ್ ಇಲ್ಲ ಅಂದಿತು."

ಗುರುಗಳು ಬಗ್ಗಿ ಪರದೆ ನೋಡಿದರು. "ಎಲ್ಲಿ ಹಾಗಂತ ಬರೆದಿದೆ?"

"ಬರೆದಿಲ್ಲ. ಸಿಗದಿದ್ದರೆ ಅದು ಏನೂ ಬರೆಯುವುದಿಲ್ಲ."

"ಹಾಗಾದರೆ ಇಲ್ಲ ಅಂದವನು ನೀನು."

ವಾಮದೇವ ಮತ್ತೆ ಪರದೆಯತ್ತ ತಿರುಗಿದ. ಗುರುಗಳು ಅಲ್ಲಿಗೇ ಬಿಡಲಿಲ್ಲ.

"ಮನೆ ಬಿಟ್ಟು ಓಡಿದವನು ಅಮ್ಮ ಇಟ್ಟ ಹೆಸರನ್ನೇ ಹೇಳಿಕೊಂಡು ತಿರುಗ್ತಾನೇನಪ್ಪ? ನಮ್ಮ ಪುಸ್ತಕದಲ್ಲಿ ಹೆಸರಿನ ಮುಂದೆ ಇನ್ನೇನು ಬರೀತೀವಿ?"

"ಅವರು ಮಾಡಿದ ಸೇವೆ." ಉಂಡವರು ಏನಾದರೊಂದು ಕೆಲಸ ಮಾಡಿ ಹೋಗುವುದು ಆ ಆಶ್ರಮದ ಪದ್ಧತಿ. ಸೌದೆ ಒಡೆದ, ನೀರು ಸೇದಿದ, ಹೂ ಕಟ್ಟಿದಳು ಎಂದು ಅದನ್ನೂ ಬರೆದಿಡುತ್ತಿದ್ದರು.

ಗುರುಗಳು ಜಗಲಿಗೆ ಹೋದರು. "ತಾಯಿ, ನಿನ್ನ ಮಗ ಏನು ಮಾಡದೆ ಇರಲಾರ?"

ಆಕೆಗೆ ಆ ದುಃಖದಲ್ಲೂ ಸಣ್ಣ ನಗು ಬಂತು. "ಬಾಗಿಲು ಕಿರುಗುಟ್ಟಿದರೆ ಅವನಿಗೆ ಅನ್ನ ಇಳೀತಿರಲಿಲ್ಲ ಸ್ವಾಮಿ. ಬಡಗಿ ಮನೆಯ ಮಗ. ಬೀಗರ ಮನೆಯಲ್ಲೂ ಎದ್ದು ಹೋಗಿ ರಿಪೇರಿ ಮಾಡಿ ನನ್ನ ಮಾನ ಕಳೆದಿದ್ದ."

ವಾಮದೇವ ಓಡಿದ. 'ಬಾಗಿಲು' ಎಂದು ಬರೆದ.

ಎರಡು ಸಾಲು ಬಂದವು. ಒಂದರಲ್ಲಿ ಯಾರೋ ಹೆಂಗಸು ಬಾಗಿಲು ತೊಳೆದಿದ್ದಳು. ಇನ್ನೊಂದು ಹೋದ ವರ್ಷದ ಕಾರ್ತಿಕದ್ದು: ರಾಮಣ್ಣ. ಊರು ಹೇಳಲಿಲ್ಲ. ಊಟಕ್ಕೆ ಮೊದಲೇ ಅಡುಗೆಮನೆ ಬಾಗಿಲು ಸರಿ ಮಾಡಿದ.

"ಬೇರೆ ಯಾರಾದರೂ ಆಗಿದ್ದರೆ?" ವಾಮದೇವ ಕೇಳಿದ. ಸುಳ್ಳು ಆಸೆ ಹುಟ್ಟಿಸಿ ಕಳಿಸಿದರೆ ಆ ಪಾಪ ಯಾರಿಗೆ?

"ನಮ್ಮಿಬ್ಬರಿಗೂ ಗೊತ್ತಾಗಲ್ಲ. ಅವಳನ್ನು ಕರಿ."

ಸಿದ್ದಾಜಮ್ಮ ಅಡುಗೆಮನೆ ಬಾಗಿಲನ್ನು ಮೆಲ್ಲಗೆ ಎಳೆದಳು. ಸದ್ದೇ ಇಲ್ಲ. ಬಗ್ಗಿ ಕೆಳಗಿನ ತಿರುಗಣೆಯನ್ನು ಬೆರಳಿಂದ ಸವರಿದಳು. ಅಲ್ಲಿ, ಮರ ತಿರುಗುವ ಜಾಗದಲ್ಲಿ, ಸದ್ದಾಗದಂತೆ ತೆಂಗಿನ ಚಿಪ್ಪನ್ನು ಕಾಸಿನಗಲ ಕೆತ್ತಿ ಕೂರಿಸಿದ್ದ ಬಿಲ್ಲೆಯಿತ್ತು.

"ಇದು ನಮ್ಮ ಯಜಮಾನರು ಮಾಡ್ತಿದ್ದ ಕೆಲಸ," ಎಂದಳು. "ಅವರು ಕಲಿಸಿದ್ದು ಇವನೊಬ್ಬನಿಗೇ."

ಅಲ್ಲೇ ಹೊಸ್ತಿಲ ಮೇಲೆ ಕೂತು ಜೋರಾಗಿ ಅತ್ತಳು. ವಾಮದೇವನೂ ಕಣ್ಣೊರೆಸಿಕೊಂಡ.

ಸ್ವಲ್ಪ ಹೊತ್ತಿಗೆ ಆಕೆ ಗಾಬರಿಯಿಂದ ತಲೆಯೆತ್ತಿದಳು. "ಎಲ್ಲಾ ಸಿದ್ಧವಾಗಿದೆ ಸ್ವಾಮಿ. ಪುರೋಹಿತರು ಬರ್ತಾರೆ, ನೆಂಟರು ಬರ್ತಾರೆ. ಅವನೀಗ ಎಲ್ಲಿದ್ದಾನೋ ಗೊತ್ತಿಲ್ಲ. ನಾಳೆ ಅವರಿಗೆಲ್ಲ ಏನು ಹೇಳಲಿ?"

ಗುರುಗಳು ಅವಳ ಮುಂದೆ ಎಲೆ ಹಾಕಿದರು.

"ಹೋದ ಕಾರ್ತಿಕದಲ್ಲಿ ನಮ್ಮಲ್ಲಿ ಉಂಡು ಹೋದವನಿಗೆ ಪಿಂಡ ಇಡಲ್ಲ ಅಂತ ಹೇಳು."