ಒಲೆಗಳ ಗುಡ್ಡ

ಕೆನಡಾದ ಸೇಂಟ್ ಲಾರೆನ್ಸ್ ನದಿಯ ಉತ್ತರ ದಂಡೆಯಲ್ಲಿ, ವೆಂಡಾಟ್ ಎಂಬ ಮೂಲನಿವಾಸಿ ಜನರ ಊರಿನಿಂದ ಅರ್ಧ ದಿನದ ನಡಿಗೆಯಷ್ಟು ದೂರದಲ್ಲಿ ಒಂದು ಬೋಳುಗುಡ್ಡವಿದೆ. ಅದರ ನೆತ್ತಿಯಲ್ಲಿ ಒಂಬತ್ತು ತಗ್ಗುಗಳು ಒಂದೇ ಸಾಲಿಗೆ ಕಾಣುತ್ತವೆ. ಸರ್ಕಾರದ ನಕ್ಷೆಯಲ್ಲಿ ಅದಕ್ಕೆ ಬರಿಯ ಅಂಕಿಯಿದೆ. ಊರವರು ಒಲೆಗಳ ಗುಡ್ಡ ಎನ್ನುತ್ತಾರೆ.

ಹಿಂದೆ, ಮುನ್ನೂರು ವರ್ಷಗಳಿಗೂ ಮೊದಲು, ಊರು ಈ ಗುಡ್ಡದ ಮೇಲೆಯೇ ಇತ್ತಂತೆ. ತೊಗಟೆ ಹೊದಿಸಿದ ಒಂದು ಉದ್ದನೆಯ ಮನೆ, ನಡುವೆ ಸಾಲಾಗಿ ಒಲೆಗಳು, ಒಲೆಗೆರಡು ಸಂಸಾರ; ಕೆಳಗಿನ ಬಯಲಿನಲ್ಲಿ ಮೆಕ್ಕೆಜೋಳ. ಮಣ್ಣು ಸೊರಗಿದಾಗ ಅದನ್ನು ಬೀಳುಬಿಟ್ಟು ಬೇರೆಡೆ ನೆಲೆಸಿ, ಮಣ್ಣು ಚೇತರಿಸಿಕೊಂಡ ಮೇಲೆ ಮರಳುವುದು ಅವರ ವಾಡಿಕೆ. ಹಾಗೆ ಮೂವತ್ತು ವರ್ಷಗಳ ಮೇಲೆ ಮರಳಿದಾಗ ಗುಡ್ಡವನ್ನೆಲ್ಲ ಕಾಡು ಮುಚ್ಚಿತ್ತು. ಫ್ರೆಂಚ್ ದೊರೆತನದ ಭೂಮಾಪಕನೊಬ್ಬ ಅಲ್ಲಿ ಸರಪಳಿ ಹಿಡಿದು ಅಳೆಯುತ್ತಿದ್ದ. ಯಾರೂ ಬಾಳಿರದ ನೆಲವಿದು, ಹೊಸ ಒಕ್ಕಲುಗಳಿಗೆ ಹಂಚಲಿದ್ದೇವೆ ಎಂದು ಅವನು ತಿಳಿಸಿದ.

ಬಂದವರಲ್ಲಿ ಉರ್ಸುಲ್ ಎಂಬ ವಿಧವೆಯಿದ್ದಳು. ಆ ಮನೆಯಲ್ಲೇ ಹುಟ್ಟಿ, ಎಂಟು ವರ್ಷದವಳಿದ್ದಾಗ ಅದನ್ನು ಬಿಟ್ಟವಳು. ಪೇಟೆಯಲ್ಲಿ ಬುಟ್ಟಿ ಮಾರಿ ಫ್ರೆಂಚರ ಭಾಷೆ ಕಲಿತಿದ್ದಳು. ಇಲ್ಲಿ ಬಾಳಿದ್ದೆವೆಂದು ತೋರಿಸಿದರೆ ನೆಲವನ್ನು ನಮಗೆ ಬಿಡುವಿರಾ ಎಂದು ಕೇಳಿದಳು. ಅವನು ಒಪ್ಪಿದ. ಹಿಂದೆ ಮನೆಯ ಬಾಗಿಲ ಪಕ್ಕದಲ್ಲಿದ್ದ ಸೀಳುಬಂಡೆಯನ್ನು ಹುಡುಕಿ, ಅಲ್ಲಿಂದ ಒಲೆಗೆ ನೆನಪಿದ್ದಷ್ಟು ಹೆಜ್ಜೆ ಎಣಿಸಿ ನಿಂತು ಅಗೆಸಿದಳು. ಬರೀ ಮಣ್ಣು ಬಂತು. ಭೂಮಾಪಕ ಸರಪಳಿ ಎತ್ತಿಕೊಂಡ. ಉರ್ಸುಲ್ ತಾನು ನಡೆದು ಬಂದ ದಾರಿಯನ್ನು ತಿರುಗಿ ನೋಡಿದಳು. ಆಮೇಲೆ ಹೊಳೆಯಿತು: ತಾನು ಎಣಿಸಿ ಇಟ್ಟುಕೊಂಡಿದ್ದದ್ದು ಎಂಟು ವರ್ಷದ ಹುಡುಗಿಯ ಹೆಜ್ಜೆಗಳನ್ನು. ಮತ್ತೆ ಬಂಡೆಗೆ ಹೋಗಿ, ಪುಟ್ಟ ಪುಟ್ಟ ಹೆಜ್ಜೆಯಿಟ್ಟು ಬಂದು ನಿಂತಳು.

“ಇದು ನಮ್ಮವ್ವನ ಒಲೆ. ಅಗೆಯಿರಿ.”

ಬೂದಿ ಬಂತು, ಸುಟ್ಟ ಜೋಳದ ಕಾಳೂ ಬಂತು. ಮುಂದಿನ ಪ್ರತಿ ಒಲೆಗೂ ಅದರ ಹೆಂಗಸರ ಹೆಸರು ಮೊದಲು ಹೇಳಿ ಆಮೇಲೆ ಅಗೆಸಿದಳು. ಒಂಬತ್ತರಲ್ಲೂ ಬೂದಿಯಿತ್ತು.

ಭೂಮಾಪಕ ಮಾತಿಗೆ ತಪ್ಪಲಿಲ್ಲ. ಆದರೆ ಬೂದಿ ಸಿಕ್ಕಷ್ಟೇ ನೆಲವನ್ನು ಅವರದೆಂದು ಬರೆದ. ಬಯಲಿನಲ್ಲಿ ಒಲೆ ಸಿಕ್ಕಿಲ್ಲವಲ್ಲ ಎಂದ.

“ಹೊಲದಲ್ಲಿ ಯಾರಾದರೂ ಒಲೆ ಹೂಡುತ್ತಾರೆಯೇ, ಅಯ್ಯಾ?” ಎಂದು ಉರ್ಸುಲ್ ಕೇಳಿದಳು. ಅದನ್ನು ಅವನು ಬರೆದುಕೊಳ್ಳಲಿಲ್ಲ.

ಆ ಬಯಲಿನ ವ್ಯಾಜ್ಯ ಇಂದಿಗೂ ನ್ಯಾಯಾಲಯದಲ್ಲಿದೆ ಎನ್ನುತ್ತಾರೆ. ಗುಡ್ಡದ ಬುಡಕ್ಕೆ ಬೇಲಿ, ಬೇಲಿಯಾಚೆ ಪರರ ಹುಲ್ಲುಗಾವಲು. ಚಳಿಗಾಲ ಮುಗಿದು ಹಿಮ ಕರಗುವ ವಾರ ಮೇಲೆ ಹತ್ತಿ ನಿಂತವರಿಗೆ, ಬಿಳಿಯ ಬಯಲಿನಲ್ಲಿ ಸಾವಿರಾರು ಕರಿಯ ಚುಕ್ಕೆಗಳು ಸಾಲುಸಾಲಾಗಿ ಏಳುವುದು ಕಾಣುತ್ತದೆ. ಅವು ವೆಂಡಾಟ್ ಹೆಂಗಸರು ಜೋಳ ಬಿತ್ತಲು ಏರಿಸಿದ್ದ ಮಣ್ಣಿನ ಗುಡ್ಡೆಗಳು.